ಮೊದಲು ಫಾಸ್ಫರಸ್, ಆಮೇಲೆ ಸ್ಕ್ಯಾನ್

ಮೂಳೆ ನೋವು ಅಂತ ಬಂದವರಿಗೆ ಎಲ್ಲರೂ ಕ್ಯಾಲ್ಸಿಯಂ ನೋಡುತ್ತಾರೆ, ವಿಟಮಿನ್ ಡಿ ನೋಡುತ್ತಾರೆ. ಫಾಸ್ಫರಸ್, ಅಂದರೆ ರಕ್ತದಲ್ಲಿರುವ ಫಾಸ್ಫೇಟ್, ನೋಡುವವರು ಕಡಿಮೆ. ತಾಲೂಕು ಮಟ್ಟದ ಲ್ಯಾಬಿನಲ್ಲೂ ಆಗುವ ಸಾದಾ ಪರೀಕ್ಷೆ ಅದು, ಆದರೂ ಚೀಟಿಯಲ್ಲಿ ಯಾರೂ ಬರೆಯುವುದಿಲ್ಲ. ನಾನು ಹಾರ್ಮೋನ್ ವಿಭಾಗದ ಡಾಕ್ಟರ್. ಇಲ್ಲಿ ಹೇಳಹೊರಟಿರುವ ಅಪರೂಪದ ಗಡ್ಡೆಯ ರೋಗಿಗಳು ನನ್ನ ಹತ್ತಿರ ಬರುವ ಹೊತ್ತಿಗೆ ಕೈಯಲ್ಲಿ ದಪ್ಪ ಫೈಲ್ ಇರುತ್ತದೆ. ಅದರಲ್ಲಿ ಎಂಆರ್‌ಐ ಇರುತ್ತದೆ, ಬೋನ್ ಸ್ಕ್ಯಾನ್ ಇರುತ್ತದೆ, ಫಾಸ್ಫರಸ್ ಮಾತ್ರ ಇರುವುದಿಲ್ಲ.

ಗಡ್ಡೆಯ ಹೆಸರು ಉದ್ದ: ಫಾಸ್ಫಾಟ್ಯೂರಿಕ್ ಮೆಸೆನ್‌ಕೈಮಲ್ ಟ್ಯೂಮರ್. ನಾವು ಪಿಎಂಟಿ ಅನ್ನುತ್ತೇವೆ. ಹೆಚ್ಚಿನವು ಚಿಕ್ಕವು, ಕ್ಯಾನ್ಸರ್ ಅಲ್ಲ. ಆದರೆ ಎಫ್‌ಜಿಎಫ್ 23 ಅನ್ನುವ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತವೆ. ಆ ಹಾರ್ಮೋನ್ ಜಾಸ್ತಿಯಾದರೆ ಕಿಡ್ನಿ ಫಾಸ್ಫೇಟನ್ನು ಹಿಡಿದಿಟ್ಟುಕೊಳ್ಳದೆ ಮೂತ್ರಕ್ಕೆ ಬಿಟ್ಟುಬಿಡುತ್ತದೆ. ವಿಟಮಿನ್ ಡಿ ಕೆಲಸಕ್ಕೆ ಬರುವ ರೂಪಕ್ಕೆ ತಿರುಗುವುದೂ ಕಡಿಮೆಯಾಗುತ್ತದೆ. ಫಾಸ್ಫೇಟ್ ಇಲ್ಲದೆ ಮೂಳೆ ಗಟ್ಟಿಯಾಗುವುದಿಲ್ಲ. ಬಟಾಣಿಯಷ್ಟು ಗಂಟು ಪಾದದಲ್ಲಿ ಇರಬಹುದು, ಮುರಿಯುವುದು ಮಾತ್ರ ಸೊಂಟದ ಮೂಳೆ, ಪಕ್ಕೆಲುಬು.

ಇದು ಹೊಸ ಕಾಯಿಲೆಯೇನೂ ಅಲ್ಲ. 1947ರಲ್ಲೇ ಬ್ರಿಟನ್ನಿನ ಡಾಕ್ಟರ್ ಮೆಕ್ಯಾನ್ಸ್ ಹದಿನೈದು ವರ್ಷದ ಹುಡುಗಿಯೊಬ್ಬಳ ಕಥೆ ಬರೆದಿದ್ದರು. ತೊಡೆಮೂಳೆಯ ಗಡ್ಡೆ ತೆಗೆದ ಮೇಲೆ ಅವಳ ನೋವು, ನಿಶ್ಶಕ್ತಿ ಎಲ್ಲ ಹೋಯಿತು. ಗಡ್ಡೆಯೇ ಕಾರಣ ಅಂತ ಸ್ಪಷ್ಟವಾಗಿ ಹೇಳಿದ್ದು 1959ರಲ್ಲಿ ಸ್ವಿಟ್ಜರ್ಲೆಂಡಿನ ಪ್ರಾಡರ್. ಹಾರ್ಮೋನ್ ಯಾವುದು ಅಂತ ಗೊತ್ತಾಗಲು 2001ರವರೆಗೆ ಕಾಯಬೇಕಾಯಿತು.

ಪಾವಗಡದ ಕಡೆಯಿಂದ ಬಂದಿದ್ದ ಒಬ್ಬ ಟೈಲರ್ ವಿಷಯ ಹೇಳಿದರೆ ನಾನು ಕೆಲಸ ಮಾಡುವ ರೀತಿ ತಿಳಿಯುತ್ತದೆ. ನಲವತ್ತು ದಾಟಿದ ಮನುಷ್ಯ. "ಕೂತ್ರೆ ಏಳಕ್ಕಾಗಲ್ಲ ಮೇಡಂ, ಗೋಡೆ ಹಿಡ್ಕೋಬೇಕು" ಅಂದರು. ಬಾಗಿಲಿಂದ ಕುರ್ಚಿಯವರೆಗೆ ಬಾತುಕೋಳಿ ನಡಿಗೆ. ಪ್ಯಾಂಟು ಮೊದಲಿಗಿಂತ ಉದ್ದ ಆಗುತ್ತಿದೆ ಅಂತ ಅವರೇ ಕಂಡುಕೊಂಡಿದ್ದರು. ಟೈಲರ್ ಅಲ್ವಾ, ಕುಗ್ಗಿದ್ದು ತಾವೇ ಅಂತ ಅವರಿಗೆ ಬೇಗ ತಿಳಿದಿತ್ತು.

ಪಾವಗಡ ಅಂದಕೂಡಲೇ ಎಲ್ಲರ ಬಾಯಲ್ಲೂ ಬರುವುದು ಫ್ಲೋರೈಡ್. ಅಲ್ಲಿನ ಬೋರ್‌ವೆಲ್ ನೀರಿನ ತೊಂದರೆ ನಿಜವೇ. ಆದರೆ ಫ್ಲೋರೈಡ್ ಮೂಳೆಗೆ ಸೇರಿದಾಗ ಸಾಮಾನ್ಯವಾಗಿ ಎಕ್ಸ್‌-ರೇಯಲ್ಲಿ ಮೂಳೆ ಇನ್ನಷ್ಟು ಬಿಳಿ ಕಾಣುತ್ತದೆ, ಬೆನ್ನು ಸೆಟೆದುಕೊಳ್ಳುತ್ತದೆ. ಇವರ ಎಕ್ಸ್‌-ರೇ ಮಸುಕಾಗಿತ್ತು. ತೊಡೆಮೂಳೆಯ ಕುತ್ತಿಗೆಯ ಒಳಬದಿಯಲ್ಲಿ, ಎರಡೂ ಕಡೆ, ಅಡ್ಡ ಗೆರೆ ಎಳೆದ ಹಾಗೆ ಬಿರುಕು. ಮೆತ್ತಗಾದ ಮೂಳೆಯ ಗುರುತು ಅದು. ಮೊದಲು ಬೋನ್ ಸ್ಕ್ಯಾನ್ ಮಾಡಿಸಿದ್ದ ಕಡೆ ಮೈತುಂಬ ಚುಕ್ಕೆ ಕಂಡು, ಕ್ಯಾನ್ಸರ್ ಮೂಳೆಗೆ ಹರಡಿರಬಹುದು ಅಂತ ರಿಪೋರ್ಟ್ ಕೊಟ್ಟಿದ್ದರು. ಹೆಂಡತಿ ಆ ಕಾಗದವನ್ನು ಬೇರೆಯಾಗಿ, ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿದ್ದರು. ಆ ಚುಕ್ಕೆಗಳೆಲ್ಲ ಸಣ್ಣಸಣ್ಣ ಬಿರುಕುಗಳು. ಸ್ಕ್ಯಾನನ್ನು ಮೊದಲು ಮಾಡಿಸಿದರೆ ಆಗುವ ಅನಾಹುತವೇ ಇದು. ಏನು ಹುಡುಕಬೇಕು ಅಂತ ಗೊತ್ತಿಲ್ಲದೆ ಹುಡುಕಿದರೆ ಕಂಡದ್ದೆಲ್ಲ ಕ್ಯಾನ್ಸರ್ ಆಗುತ್ತದೆ.

ಹಾಗಾಗಿ ಮೊದಲು ರಕ್ತ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಮೂತ್ರದ ಜೊತೆಗೇ. ಊಟ ಮಾಡಿದರೆ, ಹೊತ್ತು ಬದಲಾದರೆ ಫಾಸ್ಫರಸ್ ಸಂಖ್ಯೆ ಬದಲಾಗುತ್ತದೆ. ಇನ್ನೊಂದು ಸಂಗತಿ ಲ್ಯಾಬಿನವರಿಗೆ ಗೊತ್ತು, ಚೀಟಿ ಬರೆಯುವವರಿಗೆ ನೆನಪಿರುವುದಿಲ್ಲ. ರಕ್ತದ ಕೆಂಪು ಕಣದ ಒಳಗೆ ಫಾಸ್ಫೇಟ್ ಜಾಸ್ತಿ. ಕಲೆಕ್ಷನ್ ಸೆಂಟರಿನಲ್ಲಿ ತೆಗೆದ ಸ್ಯಾಂಪಲ್ ಬೇರ್ಪಡಿಸದೆ ಗಂಟೆಗಟ್ಟಲೆ ಬಿಸಿಲಿನಲ್ಲಿ ಪ್ರಯಾಣ ಮಾಡಿದರೆ ಕಣ ಒಡೆದು ಫಾಸ್ಫೇಟ್ ಹೊರಗೆ ಬರುತ್ತದೆ. ಕಡಿಮೆ ಇರಬೇಕಾದದ್ದು ನಾರ್ಮಲ್ ಅಂತ ಬರುತ್ತದೆ! ಅದಕ್ಕೇ ನಾನು ಆಸ್ಪತ್ರೆಯ ಲ್ಯಾಬಿನಲ್ಲೇ ತೆಗೆಸುತ್ತೇನೆ, ಕೂಡಲೇ ಸೆಂಟ್ರಿಫ್ಯೂಜ್ ಮಾಡಿ (ಯಂತ್ರದಲ್ಲಿ ತಿರುಗಿಸಿ ಕಣ ಬೇರ್ಪಡಿಸಿ) ಅಂತ ಫೋನ್ ಮಾಡಿಯೂ ಹೇಳುತ್ತೇನೆ.

ಇವರ ಫಾಸ್ಫರಸ್ 1.4 ಬಂತು. ದೊಡ್ಡವರಲ್ಲಿ ಡೆಸಿಲೀಟರಿಗೆ 2.5ರಿಂದ 4.5 ಮಿಲಿಗ್ರಾಂ ಇರಬೇಕು. ಕ್ಯಾಲ್ಸಿಯಂ ಸರಿಯಾಗಿತ್ತು, ಮೂಳೆ ತೊಂದರೆಯಲ್ಲಿದ್ದಾಗ ಏರುವ ಆಲ್ಕಲೈನ್ ಫಾಸ್ಫಟೇಸ್ ಅನ್ನುವ ಕಿಣ್ವ ಏರಿತ್ತು. ಕಿಡ್ನಿ ಸೋಸಿ ಹೊರಹಾಕುವ ಕಸ ಕ್ರಿಯಾಟಿನಿನ್; ಅದು ರಕ್ತದಲ್ಲಿ, ಅದೇ ಅಳತೆಯಲ್ಲಿ, 0.7, ಮೂತ್ರದ ಫಾಸ್ಫರಸ್ 40, ಮೂತ್ರದ ಕ್ರಿಯಾಟಿನಿನ್ 60. ಈಗ ಪೆನ್ನು ಹಿಡಿದು ಲೆಕ್ಕ ಹಾಕಬೇಕು. ಮೂತ್ರದ ಫಾಸ್ಫರಸ್ಸನ್ನು ರಕ್ತದ ಕ್ರಿಯಾಟಿನಿನ್‌ನಿಂದ ಗುಣಿಸಿದರೆ 28. ರಕ್ತದ ಫಾಸ್ಫರಸ್ಸನ್ನು ಮೂತ್ರದ ಕ್ರಿಯಾಟಿನಿನ್‌ನಿಂದ ಗುಣಿಸಿದರೆ 84. ಇಪ್ಪತ್ತೆಂಟನ್ನು ಎಂಬತ್ನಾಲ್ಕರಿಂದ ಭಾಗಿಸಿದರೆ ಮೂರನೇ ಒಂದು ಪಾಲು. ಅಂದರೆ ಸೋಸಿದ ಫಾಸ್ಫೇಟಿನಲ್ಲಿ ಮೂರನೇ ಒಂದು ಪಾಲನ್ನು ಕಿಡ್ನಿ ಹೊರಗೆ ಬಿಡುತ್ತಿದೆ, 67 ಶೇಕಡಾ ಮಾತ್ರ ವಾಪಸ್ ತೆಗೆದುಕೊಳ್ಳುತ್ತಿದೆ. ರಕ್ತದಲ್ಲಿ ಇಷ್ಟು ಕಡಿಮೆ ಇದ್ದಾಗ ಒಳ್ಳೆಯ ಕಿಡ್ನಿ ಬಹುಪಾಲು ಎಲ್ಲವನ್ನೂ ಹಿಡಿದಿಟ್ಟುಕೊಳ್ಳಬೇಕು. ಸೋರಿಕೆ ಎಲ್ಲಿ ಅನ್ನುವುದು ಇಲ್ಲಿಗೆ ಖಚಿತ. ಸಾವಿರಾರು ರೂಪಾಯಿಯ ಯಾವ ಸ್ಕ್ಯಾನೂ ಇದನ್ನು ಹೇಳುವುದಿಲ್ಲ.

ಸೋರಿಕೆಗೆ ಬೇರೆ ಕಾರಣಗಳೂ ಇವೆ. ಎಚ್ಐವಿ, ಹೆಪಟೈಟಿಸ್ ಬಿಗೆ ಕೊಡುವ ಟೆನೊಫೊವಿರ್ ಮಾತ್ರೆ ಕಿಡ್ನಿಯ ನಾಳಗಳನ್ನು ಕೆಡಿಸಬಹುದು. ಆಗ ಮೂತ್ರದಲ್ಲಿ ಸಕ್ಕರೆ, ಪ್ರೋಟೀನ್ ಕೂಡ ಹೋಗುತ್ತದೆ. ಕಬ್ಬಿಣದ ಡ್ರಿಪ್ಪುಗಳಲ್ಲಿ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಅನ್ನುವುದು ಎಫ್‌ಜಿಎಫ್ 23 ಏರಿಸುತ್ತದೆ. ಮನೆಯಲ್ಲಿ ಚಿಕ್ಕಂದಿನಿಂದ ಕಾಲು ಬಾಗಿದವರಿದ್ದಾರಾ ಅಂತಲೂ ಕೇಳಬೇಕು, ಅದು ವಂಶದ ಕಾಯಿಲೆ ಇರಬಹುದು. ಇವರಿಗೆ ಯಾವುದೂ ಇರಲಿಲ್ಲ.

ಎಫ್‌ಜಿಎಫ್ 23 ಪರೀಕ್ಷೆ ಎರಡು ಬಗೆ: ಇಡೀ ಹಾರ್ಮೋನ್ ಅಳೆಯುವುದು, ತುಂಡಾದದ್ದನ್ನೂ ಸೇರಿಸಿ ಅಳೆಯುವುದು. ನಮ್ಮಲ್ಲಿ ರಕ್ತಹೀನತೆ ಜಾಸ್ತಿ. ಕಬ್ಬಿಣ ಕಡಿಮೆ ಇದ್ದರೆ ಎರಡನೆಯದು ಸುಮ್ನೆ ಏರುತ್ತದೆ. ಹಾಗಾಗಿ ನಾನು ಮೊದಲನೆಯದನ್ನೇ ಕೇಳುತ್ತೇನೆ. ಫಾಸ್ಫೇಟ್ ಔಷಧಿ ಶುರು ಮಾಡುವ ಮೊದಲೇ ತೆಗೆಸಬೇಕು. ರಿಪೋರ್ಟ್ ನಾರ್ಮಲ್ ಅಂತ ಬಂದರೂ ಕೈಬಿಡಬಾರದು. ಫಾಸ್ಫರಸ್ 1.4 ಇರುವಾಗ ಈ ಹಾರ್ಮೋನ್ ಪಾತಾಳಕ್ಕೆ ಇಳಿದಿರಬೇಕಿತ್ತು. ಇಳಿಯದೆ ಇರುವುದೇ ತಪ್ಪು.

ಇನ್ನು ಗಡ್ಡೆ ಹುಡುಕುವುದು. ನಾನು ಕೈಯಿಂದಲೇ ಶುರು ಮಾಡುತ್ತೇನೆ. ಕಾಲು, ತೊಡೆಗಳಲ್ಲಿ ಜಾಸ್ತಿ, ಆಮೇಲೆ ಮೂಗು, ಸೈನಸ್, ದವಡೆ. ಅಂಗಾಲು, ಬೆರಳ ಸಂದಿ, ಒಸಡು, ತೊಡೆಸಂದಿ ಎಲ್ಲ ಒತ್ತಿ ನೋಡಬೇಕು. ಟೈಲರ್ ಬಲಗಾಲಿನ ಅಂಗಾಲಿನಲ್ಲಿ, ಹೆಬ್ಬೆರಳ ಬುಡದ ಹತ್ತಿರ, ಗಟ್ಟಿ ಗಂಟು ಸಿಕ್ಕಿತು. "ಅದು ಆಣಿ ಮೇಡಂ, ಮೆಷಿನ್ ತುಳಿದು ತುಳಿದು ಬಂದಿರೋದು. ಎಷ್ಟೋ ವರ್ಷದಿಂದ ಇದೆ." ಆಣಿಯಾದರೆ ಮೇಲಿನ ಚರ್ಮ ದಪ್ಪವಾಗಿರಬೇಕು. ಇಲ್ಲಿ ಚರ್ಮ ಗಂಟಿನ ಮೇಲೆ ಸಲೀಸಾಗಿ ಜಾರುತ್ತಿತ್ತು.

ಗಂಟು ಸಿಕ್ಕಿತು ಅಂತ ಕೂಡಲೇ ಕತ್ತರಿಸಲು ಕಳಿಸುವುದಿಲ್ಲ. ಅದು ಬರೀ ಕೊಬ್ಬಿನ ಗಂಟೂ ಆಗಿರಬಹುದು. ಈಗ ಸ್ಕ್ಯಾನಿನ ಸರದಿ. ಈ ಗಡ್ಡೆಗಳ ಮೇಲೆ ಸೊಮ್ಯಾಟೊಸ್ಟ್ಯಾಟಿನ್ ಅನ್ನುವ ಹಾರ್ಮೋನ್ ಅಂಟಿಕೊಳ್ಳುವ ರಿಸೆಪ್ಟರ್ ಇರುವುದರಿಂದ, ಅಲ್ಲಿಗೇ ಹೋಗಿ ಅಂಟುವ ವಿಕಿರಣ ಔಷಧಿ ಕೊಟ್ಟು ಮಾಡುವ ಗ್ಯಾಲಿಯಂ 68 ಡೋಟಾಟೇಟ್ ಪೆಟ್ ಸ್ಕ್ಯಾನಿನಲ್ಲಿ ಹೊಳೆಯುತ್ತವೆ. ಮಾಮೂಲಿ ಪೆಟ್ ಸ್ಕ್ಯಾನ್ ತೊಡೆಯ ಮಧ್ಯಕ್ಕೇ ನಿಲ್ಲುತ್ತದೆ. ಈ ಕಾಯಿಲೆಗೆ ಅದು ಸಾಲದು. ನೆತ್ತಿಯಿಂದ ಕಾಲ್ಬೆರಳ ತುದಿಯವರೆಗೆ, ಕೈ ಬೆರಳೂ ಸೇರಿಸಿ ಅಂತ ಚೀಟಿಯಲ್ಲಿ ಕೆಂಪು ಶಾಯಿಯಲ್ಲೇ ಬರೆಯುತ್ತೇನೆ. ಬಿರುಕು ಬಿಟ್ಟ ಜಾಗಗಳೂ ಸ್ವಲ್ಪ ಹೊಳೆಯುತ್ತವೆ, ಅದಕ್ಕೆ ಮೋಸಹೋಗಬಾರದು. ಇವರದ್ದರಲ್ಲಿ ಅಂಗಾಲು ಜೋರಾಗಿ ಹೊಳೆಯಿತು. ಆಮೇಲೆ ಪಾದದ ಎಂಆರ್‌ಐ, ಸರ್ಜನ್ನರಿಗೆ ಅಂಚು ಎಲ್ಲಿ ಅಂತ ತಿಳಿಯಲು. ಸುತ್ತಲಿನ ಒಳ್ಳೆಯ ಮಾಂಸವನ್ನೂ ಸ್ವಲ್ಪ ಸೇರಿಸಿ ತೆಗೆಯಬೇಕು. ಕೆರೆದು ತೆಗೆದರೆ ಮತ್ತೆ ಬರುತ್ತದೆ.

ತೆಗೆದ ಗಡ್ಡೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪೆಥಾಲಜಿಯವರಿಗೆ ಚೀಟಿಯಲ್ಲಿ "ಪಾದದ ಗಂಟು" ಅಂತಷ್ಟೇ ಬರೆದು ಕಳಿಸುವುದು ದೊಡ್ಡ ಅನ್ಯಾಯ. ಉದ್ದನೆಯ ಕಣಗಳು, ತುಂಬ ರಕ್ತನಾಳ, ಮಧ್ಯೆ ಮಸಿ ಬಳಿದ ಹಾಗೆ ನೀಲಿ ಸುಣ್ಣದ ಪುಡಿ, ಅಲ್ಲಲ್ಲಿ ದೈತ್ಯ ಕಣಗಳು. ಇಷ್ಟನ್ನು ನೋಡಿ ಬೇರೆ ಹತ್ತು ಹೆಸರು ಕೊಡಬಹುದು, ಹಿಂದೆ ಕೊಟ್ಟೂ ಇದ್ದಾರೆ. ಫಾಸ್ಫರಸ್ ಎಷ್ಟಿತ್ತು ಅಂತ ಒಂದು ಸಾಲು ಬರೆದರೆ ಅವರು ಸರಿಯಾದ ಕಡೆ ನೋಡುತ್ತಾರೆ. ಸ್ವಲ್ಪ ತುಂಡನ್ನು ಸಂಶೋಧನೆಗೂ ಇಡಿಸುತ್ತೇನೆ, ರೋಗಿ ಒಪ್ಪಿ ಸಹಿ ಹಾಕಿದರೆ. ಸುಮಾರು ಅರ್ಧದಷ್ಟು ಗಡ್ಡೆಗಳಲ್ಲಿ ಎಫ್‌ಎನ್‌1, ಎಫ್‌ಜಿಎಫ್‌ಆರ್‌1 ಅನ್ನುವ ಎರಡು ಜೀನುಗಳು ಕೂಡಿಕೊಂಡಿರುವುದು 2015ರಲ್ಲಿ ಗೊತ್ತಾಗಿದ್ದು ಹೀಗೆ ಇಟ್ಟ ತುಂಡುಗಳಿಂದಲೇ.

ಆಪರೇಷನ್ ಆದ ಮೇಲೆ ಹಾರ್ಮೋನ್ ಗಂಟೆಗಳಲ್ಲಿ ಇಳಿಯುತ್ತದೆ, ಫಾಸ್ಫರಸ್ ವಾರ ಹತ್ತು ದಿನದಲ್ಲಿ ಸರಿಹೋಗುತ್ತದೆ. ಮೂಳೆ ಗಟ್ಟಿಯಾಗಲು ತಿಂಗಳುಗಳೇ ಬೇಕು. ಟೈಲರ್‌ಗೆ ಮೊದಲು ಹೋದದ್ದು ಪಕ್ಕೆ ನೋವು. ಈಗ ಊರಿನ ಲ್ಯಾಬಿನಲ್ಲೇ ಫಾಸ್ಫರಸ್ ಮಾಡಿಸಿ ವಾಟ್ಸಾಪಿನಲ್ಲಿ ಕಳಿಸುತ್ತಾರೆ.

ಗಡ್ಡೆ ಸಿಗದವರೂ ಇದ್ದಾರೆ. ಅವರಿಗೆ ಜೌಲೀಸ್ ದ್ರಾವಣ ಅನ್ನುವ ಫಾಸ್ಫೇಟ್ ಔಷಧಿ, ದಿನಕ್ಕೆ ನಾಲ್ಕೈದು ಸಲ, ಜೊತೆಗೆ ಕ್ಯಾಲ್ಸಿಟ್ರಿಯಾಲ್, ಅಂದರೆ ಕೆಲಸಕ್ಕೆ ಬರುವ ರೂಪದ ವಿಟಮಿನ್ ಡಿ. ರುಚಿ ಕೆಟ್ಟದ್ದು, ಒಂದೇ ಸಲ ಜಾಸ್ತಿ ಕುಡಿದರೆ ಭೇದಿ. ವರ್ಷಗಟ್ಟಲೆ ಕೊಟ್ಟರೆ ಪ್ಯಾರಾಥೈರಾಯ್ಡ್ ಗ್ರಂಥಿ ಊದಬಹುದು, ಕಿಡ್ನಿಯಲ್ಲಿ ಸುಣ್ಣ ಕೂರಬಹುದು. ಎಫ್‌ಜಿಎಫ್ 23 ಹಾರ್ಮೋನನ್ನು ತಡೆಯುವ ಬುರೊಸುಮ್ಯಾಬ್ ಅನ್ನುವ ಇಂಜೆಕ್ಷನ್ನಿಗೆ 2020ರಲ್ಲಿ ಅಮೆರಿಕದಲ್ಲಿ ಈ ಕಾಯಿಲೆಗೂ ಒಪ್ಪಿಗೆ ಸಿಕ್ಕಿದೆ. ಅದರ ಬೆಲೆ ನನ್ನ ರೋಗಿಗಳ ಕೈಗೆ ಎಟುಕುವಂಥದ್ದಲ್ಲ. ಹಾಗಾಗಿ ಕೆಲವು ತಿಂಗಳಿಗೊಮ್ಮೆ ಪಿಟಿಎಚ್ (ಪ್ಯಾರಾಥೈರಾಯ್ಡ್ ಗ್ರಂಥಿಯ ಹಾರ್ಮೋನ್) ಮತ್ತು ಮೂತ್ರದ ಕ್ಯಾಲ್ಸಿಯಂ ನೋಡುತ್ತೇನೆ, ಬಂದಾಗಲೆಲ್ಲ ಚಪ್ಪಲಿ ಬಿಚ್ಚಿಸಿ ಅಂಗಾಲು ಒತ್ತುತ್ತೇನೆ, ಒಂದೆರಡು ವರ್ಷ ಬಿಟ್ಟು ಡೋಟಾಟೇಟ್ ಸ್ಕ್ಯಾನ್ ಮತ್ತೆ ಮಾಡಿಸುತ್ತೇನೆ. ಮೊದಲ ಸ್ಕ್ಯಾನಿನಲ್ಲಿ ಕಾಣದ ಗಡ್ಡೆ ಆಗ ಕಾಣುವುದುಂಟು.