ಸೀಸರ್ 3: ರೋಡ್‌ಬ್ಲಾಕ್ ಇಲ್ಲದೆ ಪ್ಯಾಲೇಸ್ ನಿಲ್ಲಿಸಿದ ನನ್ನ ಅನುಭವ

ಏಜ್ ಆಫ್ ಎಂಪೈರ್ಸ್ ಆಡಿದವರು ಓಣಿಗೊಬ್ಬರು ಸಿಗ್ತಾರೆ. ರೋಮನ್ ಊರು ಕಟ್ಟಿ ನಡೆಸೋ 1998ರ ಕಂಪ್ಯೂಟರ್ ಆಟ ಸೀಸರ್ 3 ಆಡಿದವರು ನನಗೆ ಸಿಕ್ಕಿದ್ದು ಇಬ್ಬರೋ ಮೂವರೋ. ಅವರೆಲ್ಲ ಹೇಳಿದ್ದು ಒಂದೇ ಮಾತು: ‘ಆಗಸ್ಟಸ್ (ಅಭಿಮಾನಿಗಳು ಮಾಡಿದ ಆವೃತ್ತಿ) ಹಾಕ್ಕೋ, ಅದರಲ್ಲಿ ರೋಡ್‌ಬ್ಲಾಕ್ (ಸುಮ್ಮನೆ ಅಲೆಯೋರನ್ನು ತಡೆಯೋ ಅಡ್ಡಗಟ್ಟೆ) ಇದೆ. ಮೂಲ ಆಟದಲ್ಲಿ ಲಕ್ಷುರಿ ಪ್ಯಾಲೇಸ್ (ಮನೆಗಳ ಕೊನೆಯ ಮೆಟ್ಟಿಲು) ಆದರೂ ಉಳಿಯಲ್ಲ.’ ಉಳಿದಿವೆ ಸ್ವಾಮಿ, ಆಟದ ಲೆಕ್ಕದಲ್ಲಿ ಹತ್ತಿರ ಹತ್ತಿರ 15 ವರ್ಷದಿಂದ.

ಸೇವೆ ಕೊಡೋರು ಮನೆ ಮುಂದೆ ಓಡಾಡ್ತಿದ್ದರೇ ಮನೆಯ ದರ್ಜೆ ಉಳಿಯೋದು, ಅವರು ಬೇರೆ ಕಡೆ ಅಲೆದರೆ ಇಳಿಯುತ್ತೆ. ಅದಕ್ಕೆ ನಾನು ಮಾಡಿದ್ದಿಷ್ಟೇ. ಅಡ್ಡರಸ್ತೆಯೇ ಇಲ್ಲದ ಒಂದು ಸುತ್ತು ರಸ್ತೆ, ಅದಕ್ಕೆ ಒಂದೇ ಬಾಯಿ, ಆ ಬಾಯಿಗೆ ಗೇಟ್‌ಹೌಸ್, ಅಂದ್ರೆ ಕೋಟೆ ಬಾಗಿಲು. ಕ್ಷೌರದವನು ಗೇಟ್‌ವರೆಗೂ ಬಂದು, ತಿರುಗಿ ಮತ್ತೆ ಮನೆಗಳ ಕಡೆಗೇ ಹೋಗ್ತಾನೆ. ಮಾರ್ಕೆಟ್‌ನ ಹೆಂಗಸು ಮಾತ್ರ ಸೀದಾ ದಾಟಿ ಕಣಜಕ್ಕೆ ಹೋಗಿ, ಬುಟ್ಟಿ ಹೊತ್ತ ಹುಡುಗರನ್ನು ಸಾಲಾಗಿ ಹಿಂದೆ ಹಾಕ್ಕೊಂಡು ಬರ್ತಾಳೆ. ಸುಮ್ಮನೆ ಅಲೆಯೋರಿಗೆ ಗೇಟ್ ಅಡ್ಡಿ, ಕೆಲಸ ಇಟ್ಕೊಂಡು ಹೊರಟವರಿಗೆ ಅಲ್ಲ. ಸುತ್ತು ಎಷ್ಟು ಉದ್ದ ಇರಬೇಕು ಅನ್ನೋದು ನನ್ನ ಹತ್ತಿರವೇ ಇರಲಿ.

ಇಲ್ಲಿಗೆ ಬರೋ ಮೊದಲು ಊರು ಎಷ್ಟು ಸಲ ಮುಳುಗಿತೋ ಲೆಕ್ಕ ಇಟ್ಟಿಲ್ಲ. ಅದರಲ್ಲೂ ಒಂದು ಸಲದ್ದು ಮರೆಯೋ ಹಾಗಿಲ್ಲ. ವೈನ್ ಹಡಗು ಬಂತು, ಗ್ರ್ಯಾಂಡ್ ಇನ್ಸುಲಾಗಳೆಲ್ಲ (ಸಾಮಾನ್ಯರ ಮನೆಗಳಲ್ಲಿ ಮೇಲಿನ ದರ್ಜೆ) ಸಾಲಾಗಿ ಶ್ರೀಮಂತರ ವಿಲ್ಲಾ ಆದವು. ಖುಷಿಪಡೋಷ್ಟರಲ್ಲಿ 700–800 ಜನ ಕೆಲಸಗಾರರು ಮಾಯ. ಪೆಟ್ರಿಷಿಯನ್, ಅಂದ್ರೆ ಸಿರಿವಂತ ಕುಲೀನ, ಆದವನು ಹೊಲಕ್ಕೆ ಇಳೀತಾನಾ? ಗೋಧಿ ನಿಂತಿತು, ಬೆಂಕಿ ಆರಿಸೋ ಪ್ರಿಫೆಕ್ಟ್‌ಗಳಿಲ್ಲ, ಎರಡು ಕಡೆ ಬೆಂಕಿ. ಸಾಲ 5,000 ದಿನಾರಿ ಮುಟ್ಟಿದ ಮೇಲೆ ಒಂದು ಬಾವಿ ತೋಡೋಕೂ ಆಟ ಬಿಡಲ್ಲ. ಕೂತು ನೋಡೋದಷ್ಟೇ.

ಆಮೇಲೆ ಪ್ಲೆಬ್‌ಗಳಿಗೆ, ಅಂದ್ರೆ ದುಡಿಯೋ ಸಾಮಾನ್ಯರಿಗೆ, ಬೇರೆ ಬ್ಲಾಕ್ ಕಟ್ಟಿದೆ. ಅಲ್ಲಿ ಒಂದು ಸೌಲಭ್ಯವನ್ನು ಬೇಕಂತಲೇ ಕೊಟ್ಟಿಲ್ಲ, ಹಾಗಾಗಿ ಅವರು ಇನ್ಸುಲಾ ದಾಟಲ್ಲ. ಯಾವ ಸೌಲಭ್ಯ ಅಂತ ನೀವೇ ಹುಡುಕಿ. ಖರ್ಚಿನಲ್ಲಿ ಪ್ರಾಣ ಹಿಂಡಿದ್ದು ವೈನ್. ಒಂದಕ್ಕೆ 200ರ ಮೇಲೆ ಬೀಳುತ್ತೆ, ಪ್ಯಾಲೇಸ್‌ನವರಿಗೋ ಎರಡು ಥರದ್ದು ಬೇಕು! ಒಂದನ್ನು ತರಿಸಿ, ಇನ್ನೊಂದಕ್ಕೆ ದ್ರಾಕ್ಷಿ ಹಾಕಿದೆ. ಮಡಕೆ, ಪೀಠೋಪಕರಣ ಮಾರಿ ಮೂರ್ನಾಲ್ಕು ವರ್ಷ ತೂಗಿಸಿದ್ದಾಯ್ತು. ಆಮೇಲೆ ಪೆಟ್ರಿಷಿಯನ್ ತೆರಿಗೆಯೇ ಊರು ಸಾಕಿತು.

ಮಧ್ಯೆ ಸಂಬಳದಲ್ಲೂ ಕೈಯಾಡಿಸಿದೆ. ರೋಮ್ 30 ಕೊಟ್ಟರೆ ನಾನು 26. ಉಳಿತಾಯ ಜೋರಾಗಿಯೇ ಇತ್ತು, ಜನ ಗೊಣಗಿ ಊರು ಬಿಡೋವರೆಗೆ. 33ಕ್ಕೆ ಏರಿಸಿದ ಮೇಲೆ ಸುಮ್ಮನಾದರು. ಮಡಕೆಗೆ ಮಣ್ಣು ತೆಗೆಯೋ ಗುಣಿ ಪಕ್ಕ ಒಂದೇ ಒಂದು ಡೇರೆ ಇಟ್ಟರೆ ಸಾಕು, ಕೆಲಸಗಾರರು ಸಿಕ್ಕಿದ ಹಾಗೆ. ಇದು ನಿಮಗೂ ಗೊತ್ತಿರುತ್ತೆ.

ಈಗಿನ ಪ್ರಯೋಗ ಸಮುದ್ರದ ದೇವರು ನೆಪ್ಚೂನ್ ಮೇಲೆ. ಅವನ ಹಬ್ಬದ ದುಡ್ಡು ಉಳಿಸಿ ಬೆಳೆಯ ದೇವತೆ ಸೀರಿಸ್‌ಗೆ ಹಾಕ್ತಿದ್ದೀನಿ. ಸಿಟ್ಟಾಗಿ ಹಡಗು ಮುಳುಗಿಸೋ ಮುಂಚೆ ಎಷ್ಟು ತಿಂಗಳು ತಡೀತಾನೋ ನೋಡಬೇಕು. ಉಗ್ರಾಣದಲ್ಲಿ ಒಂದು ವರ್ಷಕ್ಕಾಗೋಷ್ಟು ವೈನ್ ತುಂಬಿಸಿಟ್ಟೇ ಕೈ ಹಾಕಿರೋದು.