ಹೊಸ ನಾಯಿ ಬಂದ ದಿನ ಸ್ನಾನವಿಲ್ಲ

ಮೈಸೂರಿನ ಹೊರವಲಯದಲ್ಲಿರುವ ನಮ್ಮ ಮನೆಯ ಹಿಂದೆ ಹಳೇ ದನದ ಕೊಟ್ಟಿಗೆ ಇದೆ. ಬೀದಿಯಿಂದ ತಂದ ನಾಯಿಗಳಿಗೆ ಮೊದಲ 14 ದಿನ ಅಲ್ಲೇ ವಾಸ. ಮಲಗಲು ಗೋಣಿಚೀಲ, ಒಂದು ತಟ್ಟೆ, ಒಂದು ಬೋಗುಣಿ ನೀರು. "ಪಾಪ, ತಂದು ಜೈಲಿಗೆ ಹಾಕಿದ್ದೀರಲ್ಲ" ಅನ್ನುವವರಿದ್ದಾರೆ. ಒಂದು ಕಾಲದಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ.

ಅದಕ್ಕೇ ಮೊದಲನೇ ಮರಿಯನ್ನು ಸೀದಾ ಮನೆಯೊಳಗೆ ಬಿಟ್ಟುಕೊಂಡೆ. ಚರಂಡಿಯಿಂದ ಎತ್ತಿದ, ಎರಡು ತಿಂಗಳಿರಬಹುದಾದ ಮರಿ. ಬಂದ ಕೂಡಲೇ ಬಿಸಿನೀರಿನ ಸ್ನಾನ, ಒಂದು ಬಟ್ಟಲು ಹಾಲು, ರಾತ್ರಿ ನಮ್ಮ ಮನೆಯ ಮರಿಯ ಜೊತೆ ಒಂದೇ ಚಾಪೆ. ಮೂರನೇ ದಿನ ವಾಂತಿ ಶುರುವಾಯಿತು, ಸಂಜೆಗೆ ರಕ್ತ ಬೆರೆತ ಭೇದಿ. ಪಾರ್ವೋ, ನಾಯಿಮರಿಗಳ ಜೀವ ತೆಗೆಯುವ ಅಂಟುರೋಗ. ಆ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಮರೆಯುವುದಿಲ್ಲ. ಬಂದ ಮರಿ ಡ್ರಿಪ್ ಮೇಲೆ ಬದುಕಿತು. ವಾರ ಕಳೆದ ಮೇಲೆ ನಮ್ಮ ಮರಿಗೂ ಬಂತು, ಅದು ಉಳಿಯಲಿಲ್ಲ. ಅದಕ್ಕೆ ಆಗ ಒಂದೇ ಡೋಸ್ ಲಸಿಕೆ ಆಗಿತ್ತು. 16 ವಾರ ತುಂಬುವವರೆಗೆ ಮೂರು-ನಾಲ್ಕು ವಾರಕ್ಕೊಮ್ಮೆ ಹಾಕಿಸುತ್ತಲೇ ಇರಬೇಕು ಅನ್ನುವುದು ನನ್ನ ತಲೆಗೆ ಹೋಗಿರಲಿಲ್ಲ.

ಪಾರ್ವೋ ವೈರಸ್ ಫಿನಾಯಿಲ್‌ಗೆಲ್ಲ ಬಗ್ಗುವುದಿಲ್ಲ. ನೆಲದಲ್ಲಿ ತಿಂಗಳುಗಟ್ಟಲೆ ಕೂತಿರುತ್ತದೆ. ಈಗ ಮೊದಲು ಸೋಪಿನ ನೀರಲ್ಲಿ ಉಜ್ಜುತ್ತೇನೆ. ಆಮೇಲೆ 30 ಪಾಲು ನೀರಿಗೆ ಒಂದು ಪಾಲು ಬ್ಲೀಚ್ ಬೆರೆಸಿ ಸುರಿದು, 10 ನಿಮಿಷ ಬಿಟ್ಟು ತೊಳೆಯುತ್ತೇನೆ. ಕೊಟ್ಟಿಗೆಗೆ ಪೊರಕೆಯೂ ಬೇರೆ, ಚಪ್ಪಲಿಯೂ ಬೇರೆ.

ಹೋದ ಮಳೆಗಾಲದಲ್ಲಿ ಕೆಂಚಿ ಬಂದಳು. ಹೈವೇ ಪಕ್ಕ ಸಿಕ್ಕಿದ ಹೆಣ್ಣು ನಾಯಿ. ಪಕ್ಕೆಲುಬು ಎಣಿಸಬಹುದಿತ್ತು. ಗೋಡೆಗೆ ಮುಖ ಹಾಕಿ ಮೂಲೆ ಸೇರಿದಳು. ನಾನು ಮಾತಾಡಿಸಲೂ ಇಲ್ಲ. ಮೆತ್ತಗೆ ಬೆಂದ ಅನ್ನಕ್ಕೆ ಉಪ್ಪು, ಈರುಳ್ಳಿ ಇಲ್ಲದೆ ಬೇಯಿಸಿದ ಚಿಕನ್ ಕಲಸಿ, ಒಂದೊಂದೇ ಹಿಡಿಯಂತೆ ದಿನಕ್ಕೆ ಐದು ಸಲ ಇಟ್ಟೆ. ಬಹಳ ದಿನ ಉಪವಾಸವಿದ್ದ ಪ್ರಾಣಿಗೆ ಒಮ್ಮೆಲೇ ಹೊಟ್ಟೆ ತುಂಬ ಹಾಕಿದರೆ ಜೀವಕ್ಕೇ ಅಪಾಯ. ಕಣ್ಣಲ್ಲಿ ನೀರು ಬಂದರೂ ಕೈ ಹಿಡಿದುಕೊಳ್ಳಬೇಕು.

ಎರಡನೇ ದಿನ ಡಾಕ್ಟರು ಬಂದು ತುಟಿ ಎತ್ತಿ ನೋಡಿದರು. ವಸಡು ಗುಲಾಬಿ ಇರಬೇಕಿತ್ತು, ಸುಣ್ಣ ಬಳಿದ ಹಾಗಿತ್ತು. ಕಿವಿಯೊಳಗೆ, ಬೆರಳ ಸಂದಿಯಲ್ಲಿ ಹುರಿದ ಕಡಲೆಯಂತೆ ಊದಿದ ಉಣ್ಣೆಗಳು. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಕಡಿಮೆ. ಟಿಕ್ ಫೀವರ್, ಅಂದರೆ ಉಣ್ಣೆ ಕಚ್ಚಿ ಬರುವ ಜ್ವರ. 28 ದಿನ ಡಾಕ್ಸಿಸೈಕ್ಲಿನ್ ಬರೆದುಕೊಟ್ಟರು.

ಮಾತ್ರೆ ನುಂಗಿಸುವುದೇ ದೊಡ್ಡ ಕಥೆ. ಈಲಿ ತುಂಡಿನಲ್ಲಿ ಬಚ್ಚಿಟ್ಟರೆ ಈಲಿ ತಿಂದು ಮಾತ್ರೆಯನ್ನು ತಟ್ಟೆಯ ಅಂಚಿಗೆ ಉಗುಳುತ್ತಿದ್ದಳು, ನಾವು ಉಪ್ಪಿಟ್ಟಿನ ಮೆಣಸಿನಕಾಯಿ ಪಕ್ಕಕ್ಕಿಡುವ ಹಾಗೆ. ಕೊನೆಗೆ ಗೋಲಿ ಗಾತ್ರದ ರಾಗಿ ಮುದ್ದೆ ಮಾಡಿ, ಒಳಗೆ ಮಾತ್ರೆ ಇಟ್ಟು, ಚಿಕನ್ ಸಾರಿನಲ್ಲಿ ಅದ್ದಿ ಕೊಟ್ಟೆ. ಮುದ್ದೆ ನುಂಗುವುದು ತಾನೇ, ಅಗಿಯುವುದಲ್ಲವಲ್ಲ! ಗುಳುಕ್ ಅಂತ ಹೋಯಿತು. ಹೆಮ್ಮೆಯಿಂದ ಡಾಕ್ಟರಿಗೆ ಹೇಳಿದರೆ ಅವರು ತಲೆ ಚಚ್ಚಿಕೊಂಡರು. ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ, ಈ ಔಷಧಿ ಮೈಗೆ ಸರಿಯಾಗಿ ಹತ್ತುವುದಿಲ್ಲವಂತೆ. ಹಾಲು, ಮೊಸರೂ ಅಷ್ಟೇ. ಮಾರನೇ ದಿನದಿಂದ ಅನ್ನದ ಉಂಡೆ.

ಆರನೇ ದಿನ ತಟ್ಟೆ ಎತ್ತಲು ಹೋಗಿ ಅವಳ ಹಲ್ಲು ನನ್ನ ಬೆರಳಿಗೆ ತಾಗಿತು. ತಪ್ಪು ನನ್ನದೇ, ಇನ್ನೂ ತಿನ್ನುತ್ತಿದ್ದಳು. ನಲ್ಲಿ ಕೆಳಗೆ ಸೋಪು ಹಚ್ಚಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋದೆ. ರೇಬೀಸ್ ಲಸಿಕೆ ಮೊದಲೇ ಪೂರ್ತಿ ಹಾಕಿಸಿಕೊಂಡಿದ್ದರಿಂದ ಅವತ್ತೊಂದು, ಮೂರನೇ ದಿನಕ್ಕೊಂದು, ಎರಡೇ ಇಂಜೆಕ್ಷನ್‌ನಲ್ಲಿ ಮುಗಿಯಿತು. ಈ ಕೆಲಸಕ್ಕೆ ಕೈ ಹಾಕುವವರು ನಾಯಿ ತರುವ ಮೊದಲೇ ಆ ಲಸಿಕೆ ಹಾಕಿಸಿಕೊಳ್ಳಿ, ದಯವಿಟ್ಟು.

ಆಮೇಲೆ ದಿನಾ ಅರ್ಧ ಗಂಟೆ ಅವಳಿಗೆ ಬೆನ್ನು ಹಾಕಿ ಕೂತು ಸುಮ್ನೆ ಪೇಪರ್ ಓದಿದೆ. ಮುಟ್ಟಲಿಲ್ಲ. ಹನ್ನೊಂದನೇ ದಿನ ಪೇಪರ್ ಮೇಲೇ ಬಂದು ಮಲಗಿದಳು.

ಸ್ನಾನ ಆಗಿದ್ದು ಹದಿನೆಂಟನೇ ದಿನ, ಬಿಸಿಲು ನೋಡಿಕೊಂಡು. ಮೈ ಒದರಿ ನನಗೂ ಸ್ನಾನ ಮಾಡಿಸಿದಳು. ಟವೆಲ್ ತರುವಷ್ಟರಲ್ಲಿ ಹಿತ್ತಿಲ ಒಲೆಯ ಬೂದಿಯಲ್ಲಿ ಹೊರಳಾಡುತ್ತಿದ್ದಳು.