ಕಂದು ಕಂಡಿದ್ದೆಲ್ಲ ಕೆಐ-67 ಅಲ್ಲ

ನಾನು ಕಣ್ಣಿನ ಪೆಥಾಲಜಿಸ್ಟ್. ಕರಿಗುಡ್ಡೆಯ ಅಂಚಿನಲ್ಲಿ ಬೆಳೆದ, ಅಕ್ಕಿಕಾಳಿನಷ್ಟು ದೊಡ್ಡ ತುಣುಕುಗಳು ನನ್ನ ಟೇಬಲ್ಲಿಗೆ ಬರುತ್ತವೆ. ಚೀಟಿಯಲ್ಲಿ ಜಾಸ್ತಿ ಇರುವುದು ಟೆರಿಜಿಯಂ, ಅಂದರೆ ನಮ್ಮ ಜನ ಹೇಳುವ ದುರ್ಮಾಂಸ. ಬಹುಪಾಲು ಅದೇ ಆಗಿರುತ್ತದೆ. ಕೆಲವದರಲ್ಲಿ ಮಾತ್ರ ಕ್ಯಾನ್ಸರ್‌ಗೆ ಮುಂಚಿನ ಬದಲಾವಣೆ, ಅಂದರೆ ಡಿಸ್‌ಪ್ಲೇಸಿಯಾ, ಅಡಗಿ ಕೂತಿರುತ್ತದೆ.

ಮೇಲ್ಪದರದ ಕೆಳಗಿನ ಮೂರನೇ ಒಂದು ಭಾಗದಲ್ಲಷ್ಟೇ ಜೀವಕೋಶಗಳು ಕೆಟ್ಟಿದ್ದರೆ ಅದು ಸೌಮ್ಯ. ಮೇಲಿನವರೆಗೂ ಹಬ್ಬಿದ್ದರೆ ಕಾರ್ಸಿನೋಮಾ ಇನ್ ಸಿಟು, ಅಂದರೆ ಇನ್ನೂ ತಳ ದಾಟದ ಹಂತ. ತಳದ ಪೊರೆ ದಾಟಿ ಕೆಳಗಿಳಿದರೆ ಕ್ಯಾನ್ಸರ್ ಎಂದೇ ಲೆಕ್ಕ. ಮಾಮೂಲಿ ಎಚ್ ಅಂಡ್ ಇ ಬಣ್ಣ ಹಾಕಿದ ಸ್ಲೈಡಿನಲ್ಲಿ ಅನುಮಾನ ಉಳಿದಾಗ ಪ್ರೋಟೀನ್ ಗುರುತುಗಳ ಸಹಾಯ ಪಡೆಯುತ್ತೇವೆ. ಕೆಐ-67 ವಿಭಜನೆಗೆ ಇಳಿದ ಕೋಶಗಳ ನ್ಯೂಕ್ಲಿಯಸ್‌ನಲ್ಲಿರುತ್ತದೆ. ಪಿ53 ಎಲ್ಲ ಕೋಶದಲ್ಲೂ ಹುಟ್ಟಿ ಬೇಗ ಕರಗಿಹೋಗುವಂಥದ್ದು. ಬಿಸಿಲಿನ ಅತಿನೇರಳೆ ಕಿರಣದಿಂದ ಅದರ ಜೀನ್ ಕೆಟ್ಟರೆ ಎಷ್ಟೋ ಸಲ ಕರಗದೆ ಶೇಖರವಾಗುತ್ತದೆ. ಆದರೆ ಬರೀ ದುರ್ಮಾಂಸದಲ್ಲೂ ಪಿ53 ಕಾಣಿಸಬಹುದು. ಹಾಗಾಗಿ ಅದೊಂದನ್ನೇ ನಂಬುವುದಿಲ್ಲ. ಎಷ್ಟು ಬಣ್ಣ ಬಂತು ಅನ್ನುವುದಕ್ಕಿಂತ ಯಾವ ಪದರದಲ್ಲಿ ಬಂತು ಅನ್ನುವುದನ್ನೇ ನಾನು ಮೊದಲು ನೋಡುವುದು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ತುಣುಕು ಬಂತು. ಹೊಲದಲ್ಲಿ ದುಡಿಯುವವರ ಕಣ್ಣು. ಎಚ್ ಅಂಡ್ ಇ ನೋಡಿ ತೀರ್ಮಾನ ಮಾಡಲಾಗಲಿಲ್ಲ. ಕೆಐ-67ಗೆ ಅಂಟುವ ಆಂಟಿಬಾಡಿ ಹಾಕಿದೆವು. ಆಂಟಿಬಾಡಿ ಅಂಟಿದ ಕಡೆ ಕಂದಾಗಿ ಕಾಣುವ ಡ್ಯಾಬ್ ಬಣ್ಣ ಸೇರಿಸಿದ ಮೇಲೆ ಸಣ್ಣ ಲೆನ್ಸ್‌ನಲ್ಲಿ ನೋಡಿದರೆ ಅರ್ಧ ಪದರ ಕಂದು! ತೀವ್ರ ಡಿಸ್‌ಪ್ಲೇಸಿಯಾ ಅಂತ ಮನಸ್ಸಿನಲ್ಲೇ ರಿಪೋರ್ಟ್ ಬರೆದುಬಿಟ್ಟಿದ್ದೆ.

ನಮ್ಮ ಮೇಡಂ ಬಂದು, "ನೆಗೆಟಿವ್ ಕಂಟ್ರೋಲ್ ಎಲ್ಲಮ್ಮಾ?" ಅಂದರು. ತುಣುಕು ಚಿಕ್ಕದು, ಒಂದು ಸೆಕ್ಷನ್, ಅಂದರೆ ತೆಳು ಸೀಳು, ಉಳಿಸೋಣ ಅಂತ ನಾನೇ ಬಿಟ್ಟಿದ್ದೆ. ಕೆಐ-67 ಆಂಟಿಬಾಡಿ ಹಾಕದೆ, ಉಳಿದದ್ದೆಲ್ಲ ಹಾಗೆಯೇ ಮಾಡಿ ಇನ್ನೊಂದು ಸ್ಲೈಡ್ ತೆಗೆದೆವು. ಅದೂ ಕಂದು.

ದೊಡ್ಡ ಲೆನ್ಸ್ ಹಾಕಿದಾಗ ಅರ್ಥವಾಯಿತು. ನಮ್ಮವರ ಕರಿಗುಡ್ಡೆಯ ಅಂಚಿನಲ್ಲಿ ಮೆಲನಿನ್, ಅಂದರೆ ಚರ್ಮಕ್ಕೂ ಬಣ್ಣ ಕೊಡುವ ವಸ್ತು, ಇದ್ದೇ ಇರುತ್ತದೆ, ಕೆಲವರಿಗಂತೂ ಜಾಸ್ತಿ. ಈ ಗಂಟಿನಲ್ಲಿ ಅದು ಮೇಲಿನ ಕೋಶಗಳಿಗೂ ಸೇರಿತ್ತು. ಅದರ ಬಣ್ಣವೂ ಡ್ಯಾಬ್‌ನ ಬಣ್ಣವೂ ಒಂದೇ. ವ್ಯತ್ಯಾಸ ಇಷ್ಟೇ: ಮೆಲನಿನ್ ಸಾಸಿವೆ ಒಡೆದ ಪುಡಿಯ ಹಾಗೆ ನ್ಯೂಕ್ಲಿಯಸ್ ಸುತ್ತ ಚೆಲ್ಲಿಕೊಂಡಿರುತ್ತದೆ. ಕೆಐ-67 ಇದ್ದರೆ ನ್ಯೂಕ್ಲಿಯಸ್ಸೇ ಬಣ್ಣ ಹೀರಿರುತ್ತದೆ.

ಇನ್ನು ಕೆಂಪು ಬಣ್ಣವೇ ದಾರಿ ಅಂತ ಡ್ಯಾಬ್ ಬದಲು ಎಇಸಿ ಬಳಸಿದೆವು. ಆಗ ಕೆಐ-67 ಕೆಂಪು, ಮೆಲನಿನ್ ಕಂದು. ಚೆನ್ನಾಗಿ ಬಂತು. ಆದರೆ ನಾನು ರೂಢಿಬಲದಿಂದ ಸ್ಲೈಡನ್ನು ಆಲ್ಕೋಹಾಲ್, ಕ್ಸೈಲೀನ್‌ಗೆ ಅದ್ದಿದೆ. ಎಇಸಿ ಆಲ್ಕೋಹಾಲಿನಲ್ಲಿ ಕರಗುತ್ತದೆ. ಕಣ್ಣೆದುರೇ ಕೆಂಪು ಮಾಯ! ಮೇಡಂ ಏನೂ ಅನ್ನಲಿಲ್ಲ, ಅದೇ ಕಷ್ಟವಾಯಿತು. ಮತ್ತೆ ಸೆಕ್ಷನ್ ಕತ್ತರಿಸಿ, ಆಂಟಿಬಾಡಿ ಅಂಟುವಂತೆ ಮತ್ತೆ ಸಿಟ್ರೇಟ್ ದ್ರಾವಣದಲ್ಲಿ ಕುದಿಸಿ, ಈ ಸಲ ನೀರಿನಾಧಾರದ ಜೆಲ್ ಹಾಕಿ ಕವರ್‌ಸ್ಲಿಪ್ ಮುಚ್ಚಿದೆವು.

ಕೆಂಪು ನ್ಯೂಕ್ಲಿಯಸ್‌ಗಳು ಇದ್ದವು, ಕೆಳಗಿನ ಎರಡು ಸಾಲಿನಲ್ಲಿ ಮಾತ್ರ. ತಳದ ಪೊರೆ ಎಲ್ಲೂ ಒಡೆದಿರಲಿಲ್ಲ. ಎಚ್ ಅಂಡ್ ಇ ಜೊತೆ ಇಟ್ಟು ನೋಡಿ ಸೌಮ್ಯ ಡಿಸ್‌ಪ್ಲೇಸಿಯಾ ಅಂತ ಬರೆದೆವು. ತೆಗೆದ ಅಂಚುಗಳೂ ಚೊಕ್ಕವಾಗಿದ್ದವು.

ಈಗ ಆಪರೇಷನ್ ಥಿಯೇಟರಿನವರಿಗೆ ಒಂದೇ ಮಾತು ಕೇಳಿಕೊಳ್ಳುತ್ತೇನೆ: ತುಣುಕನ್ನು ಮೊದಲು ಫಿಲ್ಟರ್ ಕಾಗದದ ಮೇಲೆ ಹರಡಿ, ಆಮೇಲೆ ಫಾರ್ಮಲಿನ್‌ಗೆ ಹಾಕಿ. ಸುಮ್ನೆ ಹಾಕಿದರೆ ಒಣಗಿದ ವೀಳ್ಯದೆಲೆ ಥರ ಸುರುಳಿಯಾಗುತ್ತದೆ. ಸೆಕ್ಷನ್ ಓರೆಯಾಗಿ ಬಿದ್ದರೆ ತಳದ ಸಾಲೇ ಹತ್ತು ಸಾಲಿನಂತೆ ಕಾಣುತ್ತದೆ, ಕೆಐ-67 ಮೇಲಿನವರೆಗೂ ಇದೆ ಅನ್ನಿಸುತ್ತದೆ.

ಆ ಕೇಸಿನ ಡಾಕ್ಟರ್ ವಾರದ ನಂತರ ಫೋನ್ ಮಾಡಿ, ಎಚ್‌ಪಿವಿ ವೈರಸ್ಸಿನ ಅನುಮಾನಕ್ಕೆ ಪಿ16 ಅನ್ನುವ ಪ್ರೋಟೀನ್ ಗುರುತು ಕೂಡ ಮಾಡಬಹುದಾ ಅಂತ ಕೇಳಿದರು. ಕಣ್ಣಿನಲ್ಲಿ ಪಿ16 ನೋಡಿ ಎಚ್‌ಪಿವಿ ಹೇಳುವುದು ಅಷ್ಟು ಭರವಸೆಯದಲ್ಲ ಅಂದೆ. ಅದು ನಿಜವೇ. ತುಣುಕನ್ನು ಹುದುಗಿಸಿಟ್ಟ ಬ್ಲಾಕಿನಲ್ಲಿ ಮೇಣ ಬಿಟ್ಟರೆ ಏನೂ ಉಳಿದಿಲ್ಲ ಅನ್ನುವುದನ್ನು ಆಮೇಲೆ ಹೇಳಿದೆ.